ಹೊಗೆ ಬಂದರೂ ಕೆಂಡ ಬಾರದಿದ್ದರೆ: ಮರ ಕಡೆದು ಬೆಂಕಿ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಮರಕ್ಕೆ ಮರವನ್ನು ಉಜ್ಜಿ ಬೆಂಕಿ ಮಾಡಲು ಕುಳಿತವರಲ್ಲಿ ಹೆಚ್ಚಿನವರು ಮೊದಲ ದಿನವೇ ಹೊಗೆಯನ್ನು ಕಾಣುತ್ತಾರೆ. ಕೆಂಡವನ್ನು ಕಾಣಲು ವಾರಗಳೇ ಹಿಡಿಯಬಹುದು. ತೋಳಿನಲ್ಲಿ ಬಲ ಸಾಲದೆಂದು ಭಾವಿಸಿ ಇನ್ನಷ್ಟು ರಭಸದಿಂದ ಬಿಲ್ಲೆಳೆದು, ಸುಸ್ತಾಗಿ, ಕೊನೆಗೆ ಸಾಮಗ್ರಿಯನ್ನೆಲ್ಲ ಮೂಲೆಗೆಸೆಯುವುದು ಸಾಮಾನ್ಯ. ನಾನು ನೋಡಿದ ಮಟ್ಟಿಗೆ ದೋಷ ತೋಳಿನಲ್ಲಿರುವುದು ಅಪರೂಪ. ಅದು ಮರದ ತೇವದಲ್ಲೋ, ಕಚ್ಚಿನ ಆಕಾರದಲ್ಲೋ, ಒತ್ತಡಕ್ಕೂ ವೇಗಕ್ಕೂ ಇರಬೇಕಾದ ಹೊಂದಾಣಿಕೆಯಲ್ಲೋ ಇರುತ್ತದೆ. ಎಲ್ಲಿದೆಯೆಂಬುದನ್ನು ಗುಳಿಯಿಂದ ಉದುರುವ ಪುಡಿ ಬಹುಮಟ್ಟಿಗೆ ಹೇಳಿಬಿಡುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಪುಡಿಯ ವಿಚಾರಕ್ಕೆ ಹೆಚ್ಚು ಜಾಗ ಹೋಗಿದೆ.

ಇಲ್ಲಿ ಬಳಸಿರುವ ಹೆಸರುಗಳು ಹೀಗಿವೆ. ತಿರುಗುವ ಕೋಲು ಕಡೆಗೋಲು. ಅದು ಉಜ್ಜುವ ಕೆಳಗಿನ ಮರ ಅಡಿಹಲಗೆ. ಹಲಗೆಯಲ್ಲಿ ಕೋಲು ಕೂರುವ ತಗ್ಗು ಗುಳಿ. ಹಲಗೆಯ ಅಂಚಿನಿಂದ ಗುಳಿಯ ಕಡೆಗೆ ಕೊರೆದ ಸೀಳು ಕಚ್ಚು. ಕೋಲಿನ ಮೇಲ್ತುದಿಯನ್ನು ಅದುಮಿ ಹಿಡಿಯುವ ತುಂಡು ಒತ್ತುಹಿಡಿ. ಬಿಲ್ಲಿಗೆ ಕಟ್ಟಿದ ಹುರಿಯನ್ನು ಕೋಲಿಗೆ ಒಂದು ಸುತ್ತು ಸುತ್ತಿ ಎಳೆದಾಡುವುದು ಬಿಲ್ಲಿನ ಕಡೆತ. ಅಂಗೈಗಳ ನಡುವೆ ಕೋಲನ್ನು ಹೊಸೆಯುವುದು ಕೈ ಕಡೆತ. ಬಿಲ್ಲಿನ ಕಡೆತಕ್ಕೆ ಹೆಬ್ಬೆರಳಿನಷ್ಟು, ಅಂದರೆ 15ರಿಂದ 20 ಮಿಲಿಮೀಟರ್ ದಪ್ಪದ, ಗೇಣುದ್ದದ ಕೋಲು ಸಾಕು. ಕೈ ಕಡೆತದ ಕೋಲು ಅದರ ಅರ್ಧದಷ್ಟು ತೆಳ್ಳಗೆ, ಮೊಳದಷ್ಟಾದರೂ ಉದ್ದವಾಗಿರಬೇಕು.

ಶುರುಮಾಡುವ ಮುನ್ನ

ಕೂರುವ ಜಾಗದ ಸುತ್ತ ಎರಡು ಮೀಟರ್‌ನಷ್ಟು ತರಗೆಲೆ ಮತ್ತು ಒಣಹುಲ್ಲನ್ನು ಮಣ್ಣು ಕಾಣುವವರೆಗೆ ಗುಡಿಸಿ, ಒಂದು ಬಕೆಟ್ ನೀರನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಬಿರುಗಾಳಿಯಿದ್ದರೆ, ಸುತ್ತಲಿನ ಹುಲ್ಲು ಒಣಗಿ ನಿಂತಿದ್ದರೆ ಅಥವಾ ಆ ಪ್ರದೇಶದಲ್ಲಿ ಬೆಂಕಿ ಹಚ್ಚುವುದಕ್ಕೆ ನಿಷೇಧವಿದ್ದರೆ ಅಂದು ಅಭ್ಯಾಸ ಬೇಡ. ಒತ್ತಿ ಹಿಡಿದ ಕೋಲು ಚಿಮ್ಮಿದರೆ ನೇರ ಮುಖದ ಕಡೆಗೇ ಬರುವುದರಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು. ಉದ್ದ ಕೂದಲನ್ನು ಹಿಂದಕ್ಕೆ ಕಟ್ಟಬೇಕು. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವ ನೈಲಾನ್, ಪಾಲಿಯೆಸ್ಟರ್ ಬಟ್ಟೆಯ ಬದಲು ಹತ್ತಿಯದನ್ನು ತೊಡಬೇಕು.

ಗುರುತು ಸಿಗದ ಗಿಡದ ಕೋಲನ್ನು ಬಳಸಲೇಬಾರದು. ಕಣಗಿಲೆಯ ಎಲ್ಲ ಭಾಗಗಳೂ, ಅದು ಉರಿದ ಹೊಗೆಯೂ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಮಸುಕಾಗುವಷ್ಟು ಹಾನಿಯಾಗಬಹುದು. ಗೇರಿನ ಜಾತಿಯ ಕೆಲವು ಮರಗಳ ಸೊನೆ ಚರ್ಮವನ್ನು ಸುಟ್ಟಂತೆ ಮಾಡುತ್ತದೆ.

ಲಕ್ಷಣ: ಎಷ್ಟು ಹೊತ್ತು ಕಡೆದರೂ ಹೊಗೆಯೇ ಏಳುವುದಿಲ್ಲ

ಮೊದಲು ಅನುಮಾನಿಸಬೇಕಾದದ್ದು ತೇವವನ್ನು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮರದೊಳಗಿನ ನೀರು ಆವಿಯಾಗಿ ಹೋಗುವವರೆಗೆ ಆ ಜಾಗದ ಕಾವು ಅದಕ್ಕಿಂತ ಹೆಚ್ಚು ಮೇಲೇರದು, ಆದರೆ ಮರ ಕಪ್ಪಾಗಿ ಇದ್ದಿಲಾಗಬೇಕಾದರೆ ಅದರ ಎರಡೂವರೆ ಪಟ್ಟಿಗೂ ಮೀರಿದ ಕಾವು ಬೇಕು. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 290 ಜೂಲ್ ಶಕ್ತಿ ಸಾಕಾದರೆ, ಅದನ್ನೇ ಆವಿಮಾಡಲು ಸುಮಾರು 2,260 ಜೂಲ್ ಬೇಕು. ಹಸಿ ಹಲಗೆಯ ಮೇಲೆ ನಾವು ಸುರಿಸುವ ಬೆವರೆಲ್ಲ ಆ ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ.

ಕೈಯಿಂದ ಮುಟ್ಟಿ ನೋಡಿ ಒಣಗಿದೆಯೆಂದು ತೀರ್ಮಾನಿಸುವುದು ಮೋಸ. ಹಲಗೆಯನ್ನು ಕೆನ್ನೆಗೆ ಇಟ್ಟಾಗ ತಂಪೆನಿಸಿದರೆ ತೇವವಿದೆಯೆಂದು ಸಂಶಯಿಸಬಹುದು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟಣಕ್ಕೆನ್ನದೆ ಮಂದವಾಗಿ ಕೇಳಿದರೂ ಹಾಗೆಯೇ. ಇವೆರಡಕ್ಕಿಂತ ನಂಬಿಕೆಗೆ ಯೋಗ್ಯವಾದದ್ದು ತಕ್ಕಡಿ. 200 ಗ್ರಾಂ ತೂಗುತ್ತಿದ್ದ ಹಲಗೆ ಬಿಸಿಲಲ್ಲಿ ಮೂರು ದಿನ ಒಣಗಿ 182ಕ್ಕೆ ಇಳಿದು, ಮರುದಿನವೂ ಅಷ್ಟೇ ತೂಗಿದರೆ ಆ ಹವೆಯಲ್ಲಿ ಒಣಗಬಹುದಾದಷ್ಟು ಒಣಗಿದೆಯೆಂದು ತಿಳಿಯಬೇಕು. ಆ ಹವೆಯಲ್ಲಿ ಎಂಬ ಮಾತು ಮುಖ್ಯ. ಏಕೆಂದರೆ ಮರ ಸುತ್ತಲ ಗಾಳಿಯಿಂದ ತೇವವನ್ನು ಮತ್ತೆ ಹೀರುತ್ತದೆ. ಗಾಳಿಯ ತೇವಾಂಶ ನೂರಕ್ಕೆ 65ರಷ್ಟಿದ್ದಾಗ ಮರದಲ್ಲಿ ನೂರಕ್ಕೆ ಸುಮಾರು 12 ಪಾಲು ನೀರು ನಿಂತರೆ, ಗಾಳಿಯ ತೇವಾಂಶ 90ಕ್ಕೇರಿದಾಗ ಅದು 20ರ ಹತ್ತಿರಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಎರಡೇ ನಿಮಿಷಕ್ಕೆ ಕೆಂಡ ಕೊಟ್ಟ ಹಲಗೆಯೇ ಮಳೆಗಾಲದಲ್ಲಿ ಮುನಿಸಿಕೊಳ್ಳುವುದು ಇದರಿಂದ.

ಮರ ಒಣಗಿದ್ದರೂ ಹೊಗೆಯಿಲ್ಲವೆಂದರೆ ಅದರ ಗಟ್ಟಿತನವನ್ನು ಪರೀಕ್ಷಿಸಬೇಕು. ಹೆಬ್ಬೆರಳಿನ ಉಗುರನ್ನು ಮರಕ್ಕೆ ಊರಿದಾಗ ಗುರುತು ಸುಲಭವಾಗಿ ಮೂಡಬೇಕು, ಆದರೆ ನಾರು ಕಿತ್ತುಬರಬಾರದು. ಗುರುತೇ ಮೂಡದ ಮರ ತೀರ ಗಟ್ಟಿ. ಉಗುರು ಒಳಗಿಳಿದರೆ ಮರ ಲಡ್ಡಾಗಿದೆ. ಹಗುರ ಮರ ಶಾಖವನ್ನು ಒಳಕ್ಕೆ ಹರಿಯಗೊಡದೆ ಉಜ್ಜುವ ಮೈಯಲ್ಲೇ ಹಿಡಿದಿಡುತ್ತದೆಯಾದ್ದರಿಂದ ಕತ್ತಾಳೆಯ ಒಣಗಿದ ಹೂದಂಡು, ವಿಲೋ, ಪಾಪ್ಲರ್‌ನಂಥವು ಈ ಕೆಲಸಕ್ಕೆ ಒದಗುತ್ತವೆ. ರಾಳ ತುಂಬಿದ ಮರದ ಗುಳಿ ಜಿಡ್ಡಾಗಿ ಜಾರುತ್ತದೆ. ನೆಲಕ್ಕೆ ಬಿದ್ದ ಕೊಂಬೆ ತೇವ ಕುಡಿದಿರುವುದರಿಂದ, ಗಿಡದಲ್ಲೇ ಸತ್ತು ನಿಂತು ಒಣಗಿದ ಕೊಂಬೆಯನ್ನೇ ಆರಿಸುವುದು ಲೇಸು.

ಲಕ್ಷಣ: ಕಿರ್‌ರೆಂದು ಕೀರಲು ಶಬ್ದ ಬರುತ್ತದೆ, ಗುಳಿ ಹೊಳೆಯುತ್ತದೆ

ಕೋಲೂ ಹಲಗೆಯೂ ಒಂದನ್ನೊಂದು ಸವೆಸುವುದನ್ನು ಬಿಟ್ಟು ಪಾಲಿಶ್ ಮಾಡುತ್ತಿವೆ ಎಂದು ಇದರ ಅರ್ಥ. ಪುಡಿ ಇರುವುದಿಲ್ಲ, ಇದ್ದರೂ ಚಿಟಿಕೆಯಷ್ಟೂ ಇರುವುದಿಲ್ಲ. ಕೋಲಿನ ತುದಿಯನ್ನೂ ಗುಳಿಯನ್ನೂ ಚಾಕುವಿನಿಂದ ಕೆರೆದು ಹೊಳಪನ್ನು ತೆಗೆಯಿರಿ, ಮುಂದಿನ ಸಲ ಒತ್ತಡವನ್ನು ತುಸು ಹೆಚ್ಚಿಸಿ. ಹೀಗೆ ಮಾಡಿದರೂ ಹೊಳಪು ಮರಳಿದರೆ ಗುಳಿಗೆ ಒಂದು ಚಿಟಿಕೆ ಒಣ ಮರಳು ಹಾಕಿ ಕಡೆಯಬಹುದು. ಇಷ್ಟಕ್ಕೂ ಜಗ್ಗದಿದ್ದರೆ ಜೋಡಿಯನ್ನೇ ಬದಲಾಯಿಸುವುದು ವಾಸಿ.

ಲಕ್ಷಣ: ಹುರಿ ಜಾರುತ್ತದೆ, ಅಥವಾ ಕೋಲು ಹಾರಿಹೋಗುತ್ತದೆ

ಬಿಲ್ಲು ಓಡುತ್ತಿದ್ದು ಕೋಲು ನಿಂತಿದ್ದರೆ ಹುರಿ ಸಡಿಲವಾಗಿದೆ. ಬಿಲ್ಲು ಹಿಡಿದ ಕೈಯ ಬೆರಳುಗಳಿಂದಲೇ ಹುರಿಯನ್ನು ಬಿಲ್ಲಿನ ಕಡೆಗೆ ಸೆಳೆದು ಹಿಡಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಶಾಶ್ವತ ಪರಿಹಾರವೆಂದರೆ ಬಿಚ್ಚಿ ಬಿಗಿಯಾಗಿ ಕಟ್ಟುವುದು. ಕೋಲು ತೀರ ನುಣುಪಾಗಿದ್ದರೆ ಅದರ ನಡುಭಾಗಕ್ಕೆ ಚಾಕುವಿನಿಂದ ಎಂಟು ಮುಖ ಬರುವಂತೆ ಹೆರೆದುಬಿಟ್ಟರೆ ಹುರಿಗೆ ಹಿಡಿತ ಸಿಗುತ್ತದೆ. ಗಿಡದ ನಾರಿನಿಂದ ಹೊಸೆದ ಹುರಿ ಮತ್ತೆ ಮತ್ತೆ ತುಂಡಾಗುತ್ತಿದ್ದರೆ ಅದು ತನ್ನ ಮೈಗೆ ತಾನೇ ಉಜ್ಜಿಕೊಳ್ಳುತ್ತಿದೆಯೇ ಎಂದು ನೋಡಬೇಕು. ಬಿಲ್ಲಿನ ತುದಿಯನ್ನು ಕೊಂಚ ಓರೆಮಾಡಿದರೆ ಸುತ್ತಿನ ಎರಡು ಎಳೆಗಳೂ ಬೇರೆಬೇರೆ ಎತ್ತರದಲ್ಲಿ ಓಡಿ, ಉಜ್ಜಾಟ ತಪ್ಪುತ್ತದೆ. ಸೆಣಬು, ಕತ್ತಾಳೆ, ತೆಂಗು ಯಾವುದರ ನಾರಾದರೂ ಸರಿ, ಎರಡೆಳೆಯ ಬದಲು ಮೂರೆಳೆ ಹೊಸೆದು, ರಭಸವಿಲ್ಲದ ನೀಳ ಎಳೆತಗಳಲ್ಲಿ ಕಡೆದರೆ ಬಾಳಿಕೆ ಬರುತ್ತದೆ.

ಕೋಲು ಚಿಮ್ಮುವುದಕ್ಕೆ ಸಾಮಾನ್ಯ ಕಾರಣ ಕೂರುವ ಭಂಗಿ. ಬಲಗೈಯವರು ಎಡಪಾದದಿಂದ ಹಲಗೆಯನ್ನು ಮೆಟ್ಟಿ, ಬಲ ಮೊಣಕಾಲನ್ನು ನೆಲಕ್ಕೂರಿ, ಒತ್ತುಹಿಡಿ ಹಿಡಿದ ಎಡ ಮಣಿಕಟ್ಟನ್ನು ಎಡ ಮೊಣಕಾಲಿನ ಕೆಳಗಿನ ಮೂಳೆಗೆ ಗಟ್ಟಿಯಾಗಿ ಆನಿಸಿಕೊಳ್ಳಬೇಕು. ಎಡಗೈಯವರಿಗೆ ಇದೆಲ್ಲ ತಿರುವುಮುರುವು. ಮಣಿಕಟ್ಟಿಗೆ ಈ ಆಸರೆಯಿಲ್ಲದಿದ್ದರೆ ಕೋಲಿನ ತಲೆ ತೂಗಾಡುತ್ತದೆ, ತೂಗಾಡಿದ ಕೋಲು ಗುಳಿಯ ಬಾಯನ್ನು ಅಗಲಮಾಡುತ್ತದೆ, ಅಗಲವಾದ ಗುಳಿಯಲ್ಲಿ ಅದು ನಿಲ್ಲುವುದಿಲ್ಲ. ಹುರಿ ಸುತ್ತಿದ ಮೇಲೆ ಕೋಲು ಬಿಲ್ಲಿಗೂ ಹುರಿಗೂ ನಡುವೆ ಸಿಕ್ಕಿಕೊಳ್ಳದೆ ಹುರಿಯ ಹೊರಮಗ್ಗುಲಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಲಕ್ಷಣ: ಹೊಗೆ ಕೆಳಗಲ್ಲ, ಮೇಲೆ ಒತ್ತುಹಿಡಿಯಲ್ಲಿ ಬರುತ್ತದೆ

ಶ್ರಮದ ಅರ್ಧ ಪಾಲು ತಪ್ಪು ಜಾಗಕ್ಕೆ ಹೋಗುತ್ತಿದೆ. ಕೋಲಿನ ಮೇಲ್ತುದಿಯನ್ನು ಪೆನ್ಸಿಲ್ ಮೊನೆಯಂತೆ ಚೂಪುಮಾಡಿ, ಕೆಳತುದಿಯನ್ನು ಮೊಂಡಾಗಿಯೇ ಬಿಡಬೇಕು. ಒತ್ತುಹಿಡಿಗೆ ಕೋಲಿಗಿಂತ ಗಟ್ಟಿಯಾದ ಮರವನ್ನು ಆರಿಸಿ, ಅದರ ತಗ್ಗಿಗೆ ಜಜ್ಜಿದ ಹಸಿ ಎಲೆ, ಸೋಪು ಅಥವಾ ಎಣ್ಣೆಯ ಪಸೆ ಹಚ್ಚಬೇಕು. ಹಚ್ಚಿದ ಮೇಲೆ ಕೋಲನ್ನು ಅಪ್ಪಿತಪ್ಪಿಯೂ ತಲೆಕೆಳಗು ಮಾಡಬಾರದು. ಜಿಡ್ಡು ತಾಗಿದ ಗುಳಿ ಮತ್ತೆ ಬಿಸಿಯೇರುವುದಿಲ್ಲ. ಮೇಲ್ತುದಿಗೊಂದು ಗೀಟು ಕೊರೆದಿಟ್ಟರೆ ಗೊಂದಲವಿರದು.

ಲಕ್ಷಣ: ಹೊಗೆ ಧಾರಾಳವಾಗಿದೆ, ಕೆಂಡ ಮಾತ್ರ ಇಲ್ಲ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿಯೇ. ಇಲ್ಲಿ ಕೆಲಸ ನಿಲ್ಲಿಸಿ, ಒಂದು ನಿಮಿಷ ಕಾದು, ಪುಡಿಯಲ್ಲಿ ಕೆಂಡ ಅಡಗಿಲ್ಲವೆಂದು ಖಚಿತಮಾಡಿಕೊಂಡ ಮೇಲೆ ಅದನ್ನು ಒಂದು ಬಿಳಿಯ ಕಾಗದದ ಮೇಲೆ ಸುರಿದು ಬೆಳಕಿನಲ್ಲಿ ನೋಡಬೇಕು.

ಪುಡಿ ತಿಳಿ ಕಂದು ಬಣ್ಣದ್ದಾಗಿ ಹಿಟ್ಟಿನಂತೆ ಹಗುರವಾಗಿದ್ದರೆ ಮರ ಸವೆಯುತ್ತಿದೆ, ಆದರೆ ಕಾವು ಸಾಲುತ್ತಿಲ್ಲ. ಒತ್ತಡವನ್ನು ಹಾಗೆಯೇ ಇಟ್ಟು ವೇಗವನ್ನು ಏರಿಸಿ ನೋಡಬೇಕು. ಅದು ಸಾಲದಿದ್ದರೆ ಮಾತ್ರ ಒತ್ತಡ. ಪುಡಿ ಕಂದಾಗಿದ್ದು ಒರಟಾಗಿ, ಎಳೆಎಳೆಯಾಗಿ ಇದ್ದರೆ ಒತ್ತಡ ಅತಿಯಾಗಿದೆ: ಕೋಲು ಮರವನ್ನು ಸುಡುವ ಮೊದಲೇ ಕಿತ್ತುಹಾಕುತ್ತಿದೆ. ಪುಡಿ ಸಣ್ಣ ಸಣ್ಣ ಬತ್ತಿಗಳಂತೆ ಸುರುಳಿಗಟ್ಟಿದ್ದರೆ ಮತ್ತೆ ತೇವದ ಕಡೆಗೇ ತಿರುಗಬೇಕು. ಕಪ್ಪಾಗಿದ್ದೂ ಮಿಣುಗುವ ಹರಳಿನಂತೆ ಗರಸಾಗಿದ್ದರೆ ಮರದಲ್ಲಿ ರಾಳವಿದೆಯೆಂದು ಅನುಮಾನಿಸಿ. ನಮಗೆ ಬೇಕಾದ ಪುಡಿ ಕಡುಗಪ್ಪು, ಕಾಡಿಗೆಯಷ್ಟು ನಯ. ಚಾಕುವಿನ ತುದಿಯಿಂದ ಒತ್ತಿದರೆ ಉದುರಿಹೋಗದೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಇಂಥ ಪುಡಿಯ ಕಣಗಳು ಅರೆಬರೆ ಇದ್ದಿಲಾಗಿದ್ದು, ಗಾಳಿಯೊಂದಿಗೆ ಬೆರೆತು ತಾವೇ ಬಿಸಿಯೇರಬಲ್ಲವು. ರಾಶಿಯಾಗಿ ಬಿದ್ದಾಗ ಒಂದರ ಕಾವನ್ನು ಇನ್ನೊಂದು ಹಿಡಿದಿಟ್ಟುಕೊಂಡು ಕೊನೆಗೆ ಒಳಗಿನಿಂದ ಕೆಂಪಾಗುತ್ತವೆ.

ಪುಡಿ ಹೀಗೆ ಸರಿಯಾಗಿದ್ದೂ ಕೆಂಡವಾಗದಿದ್ದರೆ ದೋಷ ಕಚ್ಚಿನಲ್ಲಿದೆ. ಮೇಲಿನಿಂದ ನೋಡಿದಾಗ ಕಚ್ಚು ಗುಳಿಯ ವೃತ್ತದ ಎಂಟನೇ ಒಂದು ಭಾಗ, ಅಂದರೆ ಸುಮಾರು 45 ಡಿಗ್ರಿಯಷ್ಟು ಅಗಲವಿದ್ದು, ಅದರ ಮೊನೆ ಗುಳಿಯ ನಡುಬಿಂದುವಿಗೆ ಕೂದಲೆಳೆಯಷ್ಟು ಮುಂಚೆ ನಿಲ್ಲಬೇಕು. ಮೊನೆ ನಡುಬಿಂದುವಿನಿಂದ ದೂರವಿದ್ದರೆ ಪುಡಿ ಹೊರಬರಲಾರದೆ ಗುಳಿಯ ಸುತ್ತ ಬಳೆಯಂತೆ ಉಕ್ಕಿ ಚೆಲ್ಲುತ್ತದೆ. ಕಚ್ಚು ತೀರ ಅಗಲವಾದರೆ ಪುಡಿ ಹರಡಿ ತಣ್ಣಗಾಗುತ್ತದೆ, ಕೋಲೂ ಅದರೊಳಗೆ ಜಾರುತ್ತದೆ. ಕಚ್ಚಿನ ಗೋಡೆಗಳು ನಾರು ಕಿತ್ತು ಒರಟಾಗಿದ್ದರೆ ಪುಡಿ ಅಲ್ಲೇ ತೊಡರಿಕೊಂಡು ಕೆಳಗಿನ ರಾಶಿಯನ್ನು ಸೇರುವುದಿಲ್ಲ. ಚಾಕುವಿನಿಂದ ನುಣುಪುಮಾಡಿದರೆ ಮುಗಿಯಿತು. ಕಚ್ಚನ್ನು ಮೊದಲೇ ಕೊರೆಯುವುದೂ ತಪ್ಪು. ಹಲಗೆಯ ಅಂಚಿನಿಂದ ಮೂರರಿಂದ ಐದು ಮಿಲಿಮೀಟರ್ ಒಳಗೆ ಗುಳಿಯ ಅಂಚು ಬರುವಂತೆ ಕಡೆದು, ಅದು ಕೋಲಿನಷ್ಟೇ ಅಗಲಕ್ಕೆ ಕಪ್ಪಾದ ಮೇಲೆ ಕಚ್ಚು ಕೊರೆಯುವುದು ಸರಿಯಾದ ಕ್ರಮ.

ಇಷ್ಟೆಲ್ಲ ಸರಿಯಿದ್ದರೆ ಹಲಗೆಯ ದಪ್ಪ ನೋಡಿ. 12ರಿಂದ 15 ಮಿಲಿಮೀಟರ್‌ಗಿಂತ ಬಹಳ ದಪ್ಪವಿದ್ದರೆ ಕಚ್ಚನ್ನು ತುಂಬಿಸಲು ಬೇಕಾಗುವ ಪುಡಿ ನಮ್ಮ ಉಸಿರಿಗಿಂತ ಹೆಚ್ಚಾಗುತ್ತದೆ; ಬಹಳ ತೆಳುವಿದ್ದರೆ ಪುಡಿ ರಾಶಿಯಾಗುವ ಮುನ್ನವೇ ಕೋಲು ತಳ ತೂರಿಬಿಡುತ್ತದೆ. ಬಳಸಿ ಬಳಸಿ ತೆಳುವಾದ ಕೋಲೂ ಶತ್ರುವೇ, ಏಕೆಂದರೆ ಒಂದೇ ಸುತ್ತಿಗೆ ಅದರ ಅಂಚು ಉಜ್ಜುವ ದೂರ ಕಡಿಮೆ.

ಕಡೆಯುವ ಕ್ರಮದಲ್ಲಿಯೂ ಎರಡು ಹಂತಗಳಿವೆ. ಮೊದಲು ಹಗುರ ಒತ್ತಡದಲ್ಲಿ, ಬಿಲ್ಲಿನ ಪೂರ್ತಿ ಉದ್ದವನ್ನು ಬಳಸಿ, ಉಸಿರು ಕೆಡದಂತೆ ಕಚ್ಚನ್ನು ಪುಡಿಯಿಂದ ತುಂಬಿಸಬೇಕು. ಕಚ್ಚು ತುಂಬಿ ಹೊಗೆ ದಟ್ಟವಾದ ಮೇಲಷ್ಟೇ ಒತ್ತಡವನ್ನೂ ವೇಗವನ್ನೂ ಒಟ್ಟಿಗೆ ಏರಿಸಿ 20-30 ಎಳೆತ ಎಳೆಯಬೇಕು. ಆರಂಭದಲ್ಲೇ ಪೂರ್ತಿ ಬಲ ಹಾಕುವವರಿಗೆ, ಪುಡಿ ತಯಾರಾಗಿ ಕೊನೆಯ ಕಾವು ಬೇಕಾದ ಹೊತ್ತಿಗೆ ಕೈಯಲ್ಲಿ ಕಸುವು ಉಳಿದಿರುವುದಿಲ್ಲ.

ಒಂದು ಎಚ್ಚರಿಕೆ: ಒಮ್ಮೆಗೆ ಒಂದನ್ನೇ ಬದಲಾಯಿಸಿ. ಹಲಗೆ, ಕೋಲು, ಕಚ್ಚು ಮೂರನ್ನೂ ಒಟ್ಟಿಗೆ ಬದಲಾಯಿಸಿ ಕೆಂಡ ಪಡೆದವರಿಗೆ ಕೆಂಡ ಸಿಕ್ಕಿತೇ ಹೊರತು ಕಾರಣ ಸಿಗಲಿಲ್ಲ.

ಲಕ್ಷಣ: ಕೆಂಡ ಹುಟ್ಟಿತು, ಎತ್ತುವಷ್ಟರಲ್ಲಿ ಆರಿತು

ಕೋಲನ್ನು ನಿಲ್ಲಿಸಿದ ಮೇಲೂ ಪುಡಿಯ ರಾಶಿಯಿಂದ ಸಣ್ಣ ಗೆರೆಯಂತೆ ಹೊಗೆ ಏಳುತ್ತಲೇ ಇದ್ದರೆ ಕೆಂಡ ಹುಟ್ಟಿದೆ. ಆಗ ಆತುರಪಡುವುದೇ ದೊಡ್ಡ ದೋಷ. ಸಂತೋಷದಿಂದ ಕೋಲನ್ನು ಕಿತ್ತು, ಹಲಗೆಯನ್ನು ಸರಕ್ಕನೆ ಎತ್ತಿ ರಾಶಿಯನ್ನು ಒಡೆದುಕೊಂಡದ್ದು ನನ್ನಿಂದಲೂ ಆಗಿದೆ, ಒಂದು ಸಲವಲ್ಲ. ಕಡ್ಡಿಯ ತುದಿಯಿಂದ ರಾಶಿಯನ್ನು ಮೆಲ್ಲನೆ ಅದುಮಿ ಹಿಡಿದುಕೊಂಡು ಹಲಗೆಯನ್ನು ಹಿಂದಕ್ಕೆ ಓರೆಯಾಗಿ ಸರಿಸಬೇಕು. ಬಾಯಿಂದ ಊದದೆ ಅಂಗೈಯಿಂದ ಗಾಳಿ ಬೀಸುತ್ತ ಒಂದು ನಿಮಿಷದವರೆಗೂ ಕಾಯಬಹುದು. ಆ ಹೊತ್ತಿನಲ್ಲಿ ಕೆಂಪು ರಾಶಿಯ ತುದಿಯವರೆಗೆ ಹರಡುತ್ತದೆ. ಹಣೆಯ ಬೆವರಿನ ಒಂದೇ ಹನಿ ಬಿದ್ದರೂ ಕೆಲಸ ಕೆಡುತ್ತದೆಯಾದ್ದರಿಂದ ಬಾಗುವ ಮುನ್ನ ಮುಖ ಒರೆಸಿಕೊಳ್ಳಿ.

ಹಲಗೆಯ ಕೆಳಗೆ ಒಣ ತೊಗಟೆಯ ಚಕ್ಕೆಯನ್ನೋ ದಪ್ಪ ಎಲೆಯನ್ನೋ ಹಾಸದೆ ನೇರ ನೆಲದ ಮೇಲೆ ಕಡೆಯುತ್ತಿದ್ದರೆ, ನೆಲದ ತಂಪೂ ತೇವವೂ ಕೆಂಡವನ್ನು ಕೆಳಗಿನಿಂದ ನುಂಗುತ್ತವೆ. ಕೆಂಡ ಪ್ರತಿ ಸಲವೂ ಸಣ್ಣದಾಗಿಯೇ ಹುಟ್ಟುತ್ತಿದ್ದರೆ ಚೆನ್ನಾಗಿ ಒಣಗಿದ ಲಡ್ಡು ಮರವನ್ನು ಕೈಯಲ್ಲಿ ಹುಡಿಮಾಡಿ ಅದರ ಪಕ್ಕಕ್ಕೆ ತಾಗಿಸಿದರೆ ಕೆಂಡ ಅದಕ್ಕೂ ಹರಡಿ ಹಲವು ನಿಮಿಷ ಬದುಕುತ್ತದೆ.

ಲಕ್ಷಣ: ಕೆಂಡವನ್ನು ನಾರಿನ ಗೂಡಿಗೆ ಹಾಕಿದೆ, ಬರೀ ಹೊಗೆ

ಗೂಡು ಹಸಿಯಾಗಿದೆ, ಸಡಿಲವಾಗಿದೆ ಅಥವಾ ನಾರು ದಪ್ಪವಾಗಿದೆ. ಒಳಪದರದಲ್ಲಿ ಕೂದಲಿನಷ್ಟು ಸಣ್ಣ ಎಳೆಗಳೂ ಹೊರಪದರದಲ್ಲಿ ಒರಟು ಹುಲ್ಲೂ ಇರುವಂತೆ ಗುಬ್ಬಚ್ಚಿಯ ಗೂಡಿನ ಆಕಾರ ಮಾಡಿ, ಕೆಂಡಕ್ಕೆ ನಾರು ಎಲ್ಲ ಕಡೆಯಿಂದ ತಾಗುವಂತೆ, ಆದರೆ ಅದು ಪುಡಿಯಾಗದಂತೆ ಮಡಚಬೇಕು. ತೆಂಗಿನ ನಾರು ಕೆಂಡವನ್ನು ಬಹಳ ಹೊತ್ತು ಹಿಡಿದಿಡುತ್ತದೆಯಾದರೂ ಜ್ವಾಲೆಗೆ ಬೇಗ ತಿರುಗದು. ಅದರೊಂದಿಗೆ ಒಣಹುಲ್ಲನ್ನು ತಿಕ್ಕಿ ಮೃದುಮಾಡಿ ಬೆರೆಸಿ. ಬರೀ ಅರಳೆಯನ್ನು ನೆಚ್ಚಿದರೆ ಅದು ಕ್ಷಣದಲ್ಲಿ ಸುಟ್ಟುಹೋಗಿ ಮುಂದಿನದಕ್ಕೆ ಬೆಂಕಿಯನ್ನು ದಾಟಿಸುವುದಿಲ್ಲ.

ಊದುವಾಗ ಗೂಡನ್ನು ಮುಖಕ್ಕಿಂತ ತುಸು ಮೇಲೆ, ಗಾಳಿ ನಮ್ಮ ಬೆನ್ನ ಕಡೆಯಿಂದ ಬರುವಂತೆ ಹಿಡಿದು, ಉಸಿರೆಳೆದುಕೊಳ್ಳುವಾಗ ಪ್ರತಿ ಸಲವೂ ಮುಖವನ್ನು ಬದಿಗೆ ತಿರುಗಿಸಬೇಕು. ಹೊಗೆ ದಪ್ಪವಾಗಿ ಹಳದಿಗೆ ತಿರುಗಿದರೆ ಜ್ವಾಲೆ ಹತ್ತಿರವಾಗಿದೆ. ಅದು ಬುಗ್ಗೆಂದು ಏಳುತ್ತದೆ, ಕೈಬಿಟ್ಟು ಇಡಬೇಕಾದ ಜಾಗವನ್ನು ಮೊದಲೇ ನೋಡಿಟ್ಟುಕೊಂಡಿರಬೇಕು.

ಲಕ್ಷಣ: ಕೈ ಕಡೆತದಲ್ಲಿ ಅಂಗೈ ಬೊಬ್ಬೆಯೇಳುತ್ತದೆ

ಕೋಲಿನ ಗಂಟುಗಳನ್ನು ಹೆರೆದು ಉರುಟುಮಾಡಿ. ಅಂಗೈಯ ನಡುವನ್ನಷ್ಟೇ ಬಳಸದೆ ಬೆರಳ ತುದಿಯಿಂದ ಮಣಿಕಟ್ಟಿನವರೆಗೂ ಕೋಲು ಉರುಳಬೇಕು. ಚರ್ಮ ಬಿಸಿಯಾಗಿ ಚುರುಗುಟ್ಟಿದ ಕೂಡಲೇ ಆ ದಿನಕ್ಕೆ ನಿಲ್ಲಿಸಿ. ಬೊಬ್ಬೆ ಒಡೆದ ಮೇಲೆ ವಾರ ಕಳೆಯದೆ ಕೈ ಕೆಲಸಕ್ಕೆ ಬಾರದು.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ತೂಕ ನೋಡಿ ಒಣಗಿಸಿದ ಎರಡು ಬೇರೆಬೇರೆ ಜಾತಿಯ ಹಲಗೆಗಳಲ್ಲೂ, ಕಚ್ಚನ್ನು ಹೊಸದಾಗಿ ಕೊರೆದರೂ ಕೆಂಡ ಬಾರದಿದ್ದರೆ ಒಬ್ಬರೇ ಹೆಣಗುವುದರಲ್ಲಿ ಅರ್ಥವಿಲ್ಲ. ಬಲ್ಲವರ ಮುಂದೆ ಒಂದು ಸಲ ಪೂರ್ತಿ ಕಡೆದು ತೋರಿಸಿ, ಅಥವಾ ಮೊಬೈಲಿನಲ್ಲಿ ಪಕ್ಕದಿಂದ ವಿಡಿಯೋ ಮಾಡಿ ಅವರಿಗೆ ಕೊಡಿ. ಮಾಡುವವರಿಗೆ ಕಾಣದ ಕೋಲಿನ ತೂಗಾಟ ನೋಡುವವರಿಗೆ ತಕ್ಷಣ ಕಾಣುತ್ತದೆ. ಜೊತೆಗೆ ಪುಡಿಯನ್ನೂ ಪೊಟ್ಟಣ ಕಟ್ಟಿ ಒಯ್ಯಿರಿ.

ಎದೆ ನೋವು, ತಲೆಸುತ್ತು ಅಥವಾ ವಿಶ್ರಮಿಸಿದರೂ ಇಳಿಯದ ಏದುಸಿರು ಕಂಡುಬಂದರೆ ಕೆಲಸ ಬಿಟ್ಟು ಕೂಡಲೇ ವೈದ್ಯರ ನೆರವು ಪಡೆಯಬೇಕು. ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಐಸ್, ತುಪ್ಪ, ಟೂತ್‌ಪೇಸ್ಟ್ ಹಚ್ಚಬಾರದು. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ ಅಥವಾ ಕೀಲಿನ ಮೇಲಿದ್ದರೆ, ಕಣ್ಣಿಗೆ ಚೂರು ಬಡಿದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಕೆಂಡ ಬರದ ದಿನವೂ ಸಾಮಗ್ರಿಯನ್ನು ಹಾಗೆಯೇ ಚೀಲಕ್ಕೆ ತುರುಕಬಾರದು. ಗುಳಿಯ ಗೋಡೆಯಲ್ಲಿ, ಕೋಲಿನ ಕಪ್ಪು ತುದಿಯಲ್ಲಿ ಕಿಡಿ ಕಾಣದಂತೆ ಅವಿತಿದ್ದು, ಬಹಳ ಹೊತ್ತಿನ ಮೇಲೆ ಚೀಲವನ್ನೇ ಹೊತ್ತಿಸಬಹುದು. ಕಚ್ಚನ್ನು ಕಡ್ಡಿಯಿಂದ ಕೆದರಿ ಪುಡಿಯನ್ನೆಲ್ಲ ಬಕೆಟ್ಟಿನ ನೀರಿಗೆ ಸುರಿಯಿರಿ. ಗುಳಿಗೂ ಕೋಲಿನ ತುದಿಗೂ ಬೆರಳ ಹಿಂಭಾಗವನ್ನು ಹತ್ತಿರ ತಂದು ಬಿಸಿ ಇದೆಯೇ ಎಂದು ನೋಡಿ, ಪೂರ್ತಿ ತಣ್ಣಗಾದ ಮೇಲೆ ಒಳಗಿಡಿ. ಸ್ವಲ್ಪ ಅನುಮಾನವಿದ್ದರೂ ಎರಡನ್ನೂ ನೀರಿನಲ್ಲಿ ಅದ್ದಿ, ನಾಳೆಯಿಂದ ಮತ್ತೆ ಒಣಗಿಸಲು ಇಡಿ.